ಕೆಂಪು ಪೆನ್ಸಿಲ್ ಓದುಗರ ಕೈಗೆ: ಸರ್ವಾಧಿಕಾರವನ್ನು ಅಣಕಿಸುವ ಆಟಕತೆ ಕಟ್ಟುವುದು ಹೇಗೆ

1975ರ ಜೂನ್ 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚಾಯಿತು. ತುರ್ತು ಪರಿಸ್ಥಿತಿ ಘೋಷಣೆಯಾಗಿ ಮೂರು ದಿನವಾಗಿತ್ತಷ್ಟೆ. ಖಾಲಿ ಜಾಗವೂ ಇಷ್ಟು ಜೋರಾಗಿ ಮಾತಾಡುತ್ತದೆ ಎನ್ನುವುದು ಸೆನ್ಸಾರ್ ಕಚೇರಿಗೆ ಅರಿವಾಗಿರಬೇಕು. ಮುಂದೆ ಬಂದ ಮಾರ್ಗಸೂಚಿಯಲ್ಲಿ ಸಂಪಾದಕೀಯವನ್ನು ಖಾಲಿ ಬಿಡುವಂತಿಲ್ಲ ಎಂದು ಸೇರಿಸಿದರು. ಆ ಜಾಗವನ್ನು ಶ್ರೇಷ್ಠ ಸಾಹಿತ್ಯದ ಸಾಲುಗಳಿಂದ, ಗಾಂಧಿ, ಟ್ಯಾಗೋರರಂಥವರ ಮಾತುಗಳಿಂದ ತುಂಬುವುದೂ ನಿಷಿದ್ಧವಾಯಿತು.

ಬೈಯಬೇಡ. ಸುಮ್ಮನೂ ಇರಬೇಡ. ಗಾಂಧಿ ಹೇಳಿದ್ದನ್ನೂ ಹೇಳಬೇಡ. ಕತೆಗಾರರ ಕಣ್ಣಿಗೆ ಇದು ಇತಿಹಾಸವಾಗಿ ಕಾಣಬಹುದು, ಆಟ ಕಟ್ಟುವವರಿಗೆ ಇದೊಂದು ಸಿದ್ಧ ನಿಯಮಪಟ್ಟಿ. ಆಟಕ್ಕೆ ಬೇಕಾದ್ದೂ ಇಷ್ಟೇ: ಕೆಲವು ನಿಯಮ, ಅವನ್ನು ಪಾಲಿಸಲೇಬೇಕಾದ ಒಬ್ಬ ಬಡಪಾಯಿ, ಪಾಲಿಸಿದರೂ ಪಾಲಿಸದಿದ್ದರೂ ಆಗುವ ನಷ್ಟ.

ಓದುಗರೇ ಆಯ್ಕೆ ಮಾಡುತ್ತ ಮುಂದುವರಿಸುವ ಕತೆಗೆ ಇಲ್ಲಿ ಆಟಕತೆ ಅನ್ನೋಣ. ಸರ್ವಾಧಿಕಾರದ ಕೆಳಗಿನ ಬದುಕನ್ನು ಅಣಕಿಸುವ ಸಣ್ಣ ಆಟಕತೆಯೊಂದನ್ನು ಕನ್ನಡದಲ್ಲಿ, ಪ್ರೋಗ್ರಾಮಿಂಗ್ ಬಾರದವರೂ ಕಟ್ಟುವುದು ಹೇಗೆ ಎನ್ನುವುದು ಈ ಬರಹದ ವಿಷಯ. ಉದಾಹರಣೆಗೆ ಉದ್ದಕ್ಕೂ ಒಂದೇ ಕತೆಯನ್ನು ಹಿಡಿದುಕೊಳ್ಳುತ್ತೇನೆ: 1975ರ ಒಂದು ಸಣ್ಣ ಊರು, ಒಂದು ಬಡ ದಿನಪತ್ರಿಕೆ, ಅದರ ಕರಡನ್ನು ತಿದ್ದುವ ಸೆನ್ಸಾರ್ ಗುಮಾಸ್ತ. ಓದುಗರೇ ಆ ಗುಮಾಸ್ತ. ಅವಧಿ ಐದು ಸಂಜೆ.

ಮೊದಲು ಮೂರು ಹಳೆಯ ಆಟಗಳನ್ನು ನೋಡಿ

ಬರೆಯುವ ಮುನ್ನ ಆಡಿ. ಮೂರೇ ಸಾಕು, ಒಂದೊಂದೂ ಬೇರೆ ಪಾಠ ಕಲಿಸುತ್ತದೆ.

ಲುಕಾಸ್ ಪೋಪ್ 2013ರಲ್ಲಿ ಹೊರತಂದ ‘ಪೇಪರ್ಸ್, ಪ್ಲೀಸ್’ನಲ್ಲಿ ನೀವು ಆರ್ಸ್ಟೋಟ್ಸ್ಕಾ ಎಂಬ ಕಲ್ಪಿತ ದೇಶದ ಗಡಿಯಲ್ಲಿ ಪಾಸ್‌ಪೋರ್ಟ್ ನೋಡುವ ನೌಕರ. ಕೆಲಸ ಸಿಕ್ಕಿದ್ದು ಲಾಟರಿಯಲ್ಲಿ. ಒಬ್ಬರ ಕಾಗದಪತ್ರ ಸರಿಯಾಗಿ ಪರಿಶೀಲಿಸಿದರೆ 5 ಕ್ರೆಡಿಟ್ ಸಂಬಳ. ದಿನಕ್ಕೆ ಎರಡು ತಪ್ಪಿಗೆ ಬರೀ ಎಚ್ಚರಿಕೆ ಚೀಟಿ, ಮೂರನೆಯದರಿಂದ ದಂಡ. ಸಂಜೆ ಮನೆಯ ಲೆಕ್ಕ ಎದುರಿಗೆ ಬರುತ್ತದೆ: ಬಾಡಿಗೆ, ಊಟ, ಚಳಿ ಕಾಯಿಸಲು ಹೀಟರ್, ಕಾಯಿಲೆಯಾದರೆ ಔಷಧಿ. ಒಂದು ದಿನ ಗಂಡನೊಬ್ಬ ಬರುತ್ತಾನೆ, ಎಲ್ಲ ಕಾಗದವೂ ಸರಿ. ಹಿಂದೆಯೇ ಹೆಂಡತಿ ಬರುತ್ತಾಳೆ, ಪ್ರವೇಶ ಪರವಾನಗಿ ಇಲ್ಲ. ಬಿಟ್ಟರೆ ನಿಮಗೆ ಚೀಟಿ, ಬಿಡದಿದ್ದರೆ ಅವರಿಗೆ ಅಗಲಿಕೆ. ಆಟದಲ್ಲಿ ಯಾರೂ ನಿಮಗೆ ನೀತಿ ಹೇಳುವುದಿಲ್ಲ. ಇಪ್ಪತ್ತು ಬಗೆಯ ಕೊನೆಗಳಿವೆ. ಆಡಿ ಮುಗಿಸಿದ ಮೇಲೆ ನೆನಪಿನಲ್ಲಿ ಉಳಿಯುವುದು ಮಾತ್ರ ಆ ಇಕ್ಕಟ್ಟಾದ ಮೇಜು.

ಎರಡನೆಯದು 1985ರ ಅಮೆರಿಕದ ಪಠ್ಯ ಆಟ ‘ಎ ಮೈಂಡ್ ಫಾರೆವರ್ ವಾಯೇಜಿಂಗ್’. ಇನ್ಫೋಕಾಮ್ ಕಂಪನಿಗೆ ಸ್ಟೀವ್ ಮೆರೆಟ್ಸ್ಕಿ ಬರೆದದ್ದು. ರಾಜಕಾರಣಿಯೊಬ್ಬನ ದೇಶೋದ್ಧಾರದ ಯೋಜನೆ ಜಾರಿಯಾದರೆ ಏನಾಗುತ್ತದೆ ಎಂದು ತಿಳಿಯಲು, ಕಂಪ್ಯೂಟರಿನೊಳಗಿನ ಪ್ರಜ್ಞೆಯೊಂದು ರಾಕ್‌ವಿಲ್ ಎಂಬ ಊರಿನ ಭವಿಷ್ಯವನ್ನು ಹತ್ತತ್ತು ವರ್ಷಕ್ಕೊಮ್ಮೆ ಸುತ್ತಿಬರುತ್ತದೆ. 2041ರಲ್ಲಿ ಎಲ್ಲ ಚೆನ್ನಾಗಿದೆ. ಆಮೇಲೆ ಅದೇ ಬೀದಿಗಳಿಗೆ ಹೋದ ಹಾಗೆಲ್ಲ ಏನೋ ಒಂದು ಕಡಿಮೆಯಾಗಿರುತ್ತದೆ. ನಮ್ಮ ಆಟದಲ್ಲೂ ಜಾಗ ಬದಲಾಗಬಾರದು, ಆ ಜಾಗದಲ್ಲಿರುವ ವಸ್ತುಗಳು ಬದಲಾಗುತ್ತ ಹೋಗಬೇಕು ಎಂಬ ಪಾಠ ಇಲ್ಲಿಂದ ಸಿಗುತ್ತದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. 1989ರ ಜನವರಿಯಲ್ಲಿ, ಕಮ್ಯುನಿಸ್ಟ್ ಆಳ್ವಿಕೆಯ ಚೆಕೊಸ್ಲೊವಾಕಿಯದ ಪ್ರಾಗ್ ನಗರದ ವೆನ್ಸೆಸ್ಲಾಸ್ ಚೌಕದಲ್ಲಿ ಜನ ಸೇರಿದ್ದರು. ಸೋವಿಯತ್ ಆಕ್ರಮಣದ ವಿರುದ್ಧ 1969ರಲ್ಲಿ ಅಲ್ಲೇ ಮೈಗೆ ಬೆಂಕಿ ಹಚ್ಚಿಕೊಂಡ ವಿದ್ಯಾರ್ಥಿ ಯಾನ್ ಪಲಾಖ್‌ನ ಇಪ್ಪತ್ತನೇ ವರ್ಷದ ಸ್ಮರಣೆ ಅದು. ಪೊಲೀಸರು ಲಾಠಿ, ಜಲಫಿರಂಗಿ ಹಿಡಿದು ಬಂದರು. ಸರ್ಕಾರದ ವಿರೋಧಿಯಾಗಿದ್ದ ನಾಟಕಕಾರ ವಾತ್ಸ್ಲಾವ್ ಹಾವೆಲ್ ಬಂಧನವಾಯಿತು. ಆಮೇಲೆ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಮನೆಬಳಕೆಯ ಸಣ್ಣ ಕಂಪ್ಯೂಟರಿಗಾಗಿ ಬರೆದ ಪಠ್ಯ ಆಟವೊಂದು ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ನಕಲಾಗುತ್ತ ಕೈಯಿಂದ ಕೈಗೆ ಹೋಯಿತು. ಅದರ ಹೆಸರೇ ‘1989ರ ಜನವರಿ 16ರಂದು ಪ್ರಾಗ್‌ನ ವೆನ್ಸೆಸ್ಲಾಸ್ ಚೌಕದಲ್ಲಿ ಇಂಡಿಯಾನಾ ಜೋನ್ಸ್‌ನ ಸಾಹಸಗಳು’. ಹಾಲಿವುಡ್ಡಿನ ನಾಯಕ ಪ್ರಾಗ್ ಪೊಲೀಸರ ನಡುವೆ ಸಿಕ್ಕಿಬಿದ್ದು ಪಾರಾಗಬೇಕು. ಒಂದು ಹೆಜ್ಜೆ ತಪ್ಪಿದರೆ ಸಾವು. ಬರೆದವರು ತಮ್ಮ ನಿಜ ಹೆಸರು ಹಾಕಲಿಲ್ಲ. ಅಲ್ಲಿ ಪುಸ್ತಕ, ನಾಟಕ, ಸಿನಿಮಾ ಎಲ್ಲದರ ಮೇಲೂ ಕಣ್ಣಿಟ್ಟಿದ್ದ ಸರ್ಕಾರಕ್ಕೆ ಹುಡುಗರ ಕಂಪ್ಯೂಟರ್ ಆಟ ಕಾಣಿಸಿರಲೇ ಇಲ್ಲ. ಚಿತ್ರಕಾರರು ಬೇಡ, ಛಾಪಖಾನೆ ಬೇಡ, ಒಂದು ಮೇಜು, ಒಬ್ಬ ಹುಡುಗ ಸಾಕಿತ್ತು. ಅದೇ ವರ್ಷ ಮುಗಿಯುವಷ್ಟರಲ್ಲಿ ಆ ಸರ್ಕಾರವೇ ಹೋಯಿತು. ಆಟದಿಂದ ಹೋಯಿತು ಎಂದು ಯಾರೂ ಹೇಳುವುದಿಲ್ಲ, ನಾನೂ ಹೇಳುತ್ತಿಲ್ಲ.

ಸರ್ವಾಧಿಕಾರಿಯನ್ನು ವೇದಿಕೆಗೆ ಕರೆಯಬೇಡಿ

ಹೊಸಬರು ಬರೆದ ಇಂಥ ಕತೆಗಳಲ್ಲಿ ಮೊದಲ ಪುಟದಲ್ಲೇ ಮೀಸೆ ತಿರುವುವ ಮಹಾನಾಯಕ ಬಂದುಬಿಡುತ್ತಾನೆ. ಅವನನ್ನು ಕಂಡ ಕೂಡಲೇ ಓದುಗರು ನಿರಾಳರಾಗುತ್ತಾರೆ, ಏಕೆಂದರೆ ಕೆಟ್ಟವನು ಯಾರೆಂದು ಗೊತ್ತಾಯಿತು, ಅದು ತಾನಲ್ಲ. ಆಟಕತೆಗೆ ಇದೇ ದೊಡ್ಡ ಪೆಟ್ಟು. ಕಾದಂಬರಿಯಲ್ಲಿ ಓದುಗರು ನೋಡುವವರು. ಇಲ್ಲಿ ಅವರೇ ಮಾಡುವವರು. ಅವರ ಬೆರಳಿನಿಂದಲೇ ಸಣ್ಣ ಅನ್ಯಾಯವೊಂದು ನಡೆಯಬೇಕು, ನಡೆದದ್ದು ಮುಂದಿನ ಪುಟದಲ್ಲಿ ಕಾಣಬೇಕು. ಮಹಾನಾಯಕ ಗೋಡೆಯ ಪಟವಾಗಿರಲಿ, ಅದೂ ಸ್ವಲ್ಪ ವಾಲಿರಲಿ.

ಪಾತ್ರ ಆರಿಸುವಾಗ ಮೇಲಿನವರನ್ನೂ ಬಿಡಿ, ತೀರ ಕೆಳಗಿನ ಬಲಿಪಶುವನ್ನೂ ಬಿಡಿ. ಮಧ್ಯದಲ್ಲಿರುವವರನ್ನು ಹಿಡಿಯಿರಿ. ಗುಮಾಸ್ತ, ರೇಷನ್ ಅಂಗಡಿಯ ತೂಕದವನು, ಶಾಲಾ ಮೇಷ್ಟ್ರು, ಬಸ್ ಕಂಡಕ್ಟರ್, ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್. ಇವರ ಕೈಯಲ್ಲಿ ಒಂದು ಚಿಟಿಕೆ ಅಧಿಕಾರವಿದೆ, ತಲೆಯ ಮೇಲೆ ಇಡೀ ಸರ್ಕಾರವಿದೆ. ಸೆನ್ಸಾರ್ ಗುಮಾಸ್ತನನ್ನು ನಾನು ಆರಿಸಿದ್ದಕ್ಕೆ ಇನ್ನೊಂದು ಕಾರಣವಿದೆ: ಅವನ ಕೆಲಸ ಓದುವುದು, ಹೊಡೆದುಹಾಕುವುದು. ಆಟಗಾರರೂ ಓದುತ್ತಾರೆ, ಮುಟ್ಟುತ್ತಾರೆ. ಪಾತ್ರದ ಕೆಲಸ, ಆಡುವವರ ಕೆಲಸ ಎರಡೂ ಒಂದೇ ಆದರೆ ಅರ್ಧ ಆಟ ತಾನೇ ನಿಂತಂತೆ.

ಕಲ್ಪಿತ ದೇಶವೋ, ನಿಜವಾದ ಕಾಲವೋ?

ಕಲ್ಪಿತ ದೇಶದಲ್ಲಿ ಸ್ವಾತಂತ್ರ್ಯ ಹೆಚ್ಚು. ನಿಜವಾದ ಕಾಲದಲ್ಲಿ ಹಲ್ಲು ಹೆಚ್ಚು. ಕನ್ನಡದಲ್ಲಿ ಬರೆಯುವವರಿಗೆ 1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗಿನ ಕಾಲ ಕೈಗೆಟಕುವ ಗಣಿ, ಏಕೆಂದರೆ ಆಗ ನಡೆದದ್ದರಲ್ಲಿ ಎಷ್ಟೋ ಅಣಕವನ್ನೇ ಮೀರಿದ್ದು. ದೆಹಲಿಯ ಬಹಾದ್ದೂರ್ ಷಾ ಜಫರ್ ಮಾರ್ಗದ ಪತ್ರಿಕೆಗಳ ಬಾಯಿ ಮುಚ್ಚಿಸಲು ಆ ಮೊದಲ ರಾತ್ರಿ ಮಾಡಿದ್ದು ಕರೆಂಟ್ ತೆಗೆದದ್ದು. 1976ರಲ್ಲಿ ಕಿಶೋರ್ ಕುಮಾರ್ ಹಾಡುಗಳು ಆಕಾಶವಾಣಿಯಿಂದ ಮಾಯವಾದವು. ಬೆಂಗಳೂರಿಗೆ ಸಂಸದೀಯ ಸಮಿತಿಯ ಕೆಲಸಕ್ಕೆ ಬಂದಿದ್ದ ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಮುಂತಾದವರನ್ನು ಹಿಡಿದು ಇಲ್ಲಿನ ಸೆಂಟ್ರಲ್ ಜೈಲಿಗೆ ಹಾಕಿದರು. ಅದೇ ಜೈಲಿನಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ, ತೀರಿಕೊಂಡರು. ಆ ಜೈಲು ಈಗ ಫ್ರೀಡಂ ಪಾರ್ಕ್, ಬೆಂಗಳೂರಿನಲ್ಲಿ ಪ್ರತಿಭಟನೆಗೆಂದು ಗೊತ್ತುಮಾಡಿದ ಜಾಗ. ಹಳೆಯ ಜೈಲಿನೊಳಗೆ ಮಾತ್ರ ಕೂಗಬಹುದು ಎನ್ನುವುದನ್ನು ಯಾವ ಆಟಕತೆಗಾರರೂ ಇಷ್ಟು ಅಚ್ಚುಕಟ್ಟಾಗಿ ಯೋಚಿಸುತ್ತಿರಲಿಲ್ಲ.

ಸಾಮಗ್ರಿಗೆ ಎರಡು ಕಡತಗಳನ್ನು ಹುಡುಕಿ: ತುರ್ತು ಪರಿಸ್ಥಿತಿಯ ಅತಿರೇಕಗಳನ್ನು ತನಿಖೆ ಮಾಡಿದ ಷಾ ಆಯೋಗದ 1978ರ ವರದಿಗಳು, 1977ರಲ್ಲಿ ಹೊಸ ಸರ್ಕಾರ ಸಮೂಹ ಮಾಧ್ಯಮಗಳ ದುರುಪಯೋಗದ ಬಗ್ಗೆ ತಂದ ಶ್ವೇತಪತ್ರ. ಸೆನ್ಸಾರಿಗೆ ಫೋನಿನಲ್ಲಿ ಹೋಗುತ್ತಿದ್ದ ಆದೇಶಗಳ ಧಾಟಿ ಸಿಗುವುದು ಇಂಥಲ್ಲಿ. ಆ ಧಾಟಿಯನ್ನು ತೆಗೆದುಕೊಳ್ಳಿ, ಜನರನ್ನು ಬಿಡಿ. ಊರು, ಪತ್ರಿಕೆ, ಸಚಿವರು ಎಲ್ಲ ನಿಮ್ಮದೇ ಸೃಷ್ಟಿಯಾಗಿರಲಿ.

ಸುತ್ತೋಲೆಗಳನ್ನು ಮೊದಲು ಬರೆಯಿರಿ

ಕತೆ ಬರೆಯುವ ಮೊದಲು ಐದು ಸಂಜೆಯ ಐದು ಸುತ್ತೋಲೆ ಬರೆದುಕೊಳ್ಳಿ. ಆಟದ ಬೆನ್ನುಮೂಳೆ ಇದೇ. ಪ್ರತಿ ಸಂಜೆ ಒಂದೇ ಒಂದು ಹೊಸ ನಿಯಮ ಸೇರಬೇಕು, ಹಳೆಯದು ಹೋಗಬಾರದು. ನನ್ನ ಪಟ್ಟಿ ಹೀಗಿದೆ:

ಮೊದಲ ಸಂಜೆ: ಸರ್ಕಾರವನ್ನು ಟೀಕಿಸುವ ಸಾಲುಗಳನ್ನು ಹೊಡೆಯತಕ್ಕದ್ದು.
ಎರಡನೇ ಸಂಜೆ: ಹೊಡೆದ ಜಾಗವನ್ನು ಖಾಲಿ ಬಿಡತಕ್ಕದ್ದಲ್ಲ.
ಮೂರನೇ ಸಂಜೆ: ಖಾಲಿ ಜಾಗವನ್ನು ಗಾದೆ, ವಚನ, ಮಹನೀಯರ ಮಾತುಗಳಿಂದ ತುಂಬತಕ್ಕದ್ದಲ್ಲ.
ನಾಲ್ಕನೇ ಸಂಜೆ: ಜಾಹೀರಾತುಗಳನ್ನೂ ಪರಿಶೀಲಿಸತಕ್ಕದ್ದು.
ಐದನೇ ಸಂಜೆ: ಹಿಂದಿನ ನಾಲ್ಕು ಸುತ್ತೋಲೆಗಳನ್ನು ಹೊರಡಿಸಿರುವುದಿಲ್ಲ.

ಕೊನೆಯದನ್ನು ಗಮನಿಸಿ. ನಿಯಮ ಹಿಂತೆಗೆದುಕೊಂಡಿದ್ದೇವೆ ಎನ್ನುವುದಕ್ಕೂ, ಹೊರಡಿಸಿಯೇ ಇಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ. ನಾಲ್ಕು ದಿನ ಗುಮಾಸ್ತ ಮಾಡಿದ ಕೆಲಸಕ್ಕೆ ಈಗ ಹೊಣೆ ಯಾರು? ಅವನೇ.

ಭಾಷೆಯ ವಿಷಯದಲ್ಲಿ ನಮಗೆ ಸರ್ಕಾರಿ ಕನ್ನಡ ಎಂಬ ವರ ಸಿಕ್ಕಿದೆ. ‘ಈ ಮೂಲಕ ತಿಳಿಯಪಡಿಸುವುದೇನೆಂದರೆ’, ‘ತಕ್ಷಣದಿಂದ ಜಾರಿಗೆ ಬರುವಂತೆ’, ‘ಮುಂದಿನ ಆದೇಶದವರೆಗೆ’, ‘ಸೂಕ್ತ ಕ್ರಮ ಜರುಗಿಸಲಾಗುವುದು’. ಈ ವಾಕ್ಯಗಳಲ್ಲಿ ಕರ್ತೃವೇ ಇರುವುದಿಲ್ಲ. ಯಾರು ಜರುಗಿಸುತ್ತಾರೆ, ಯಾರ ಮೇಲೆ, ಏನನ್ನು, ಒಂದೂ ಇಲ್ಲ. ಇದನ್ನು ಉಬ್ಬಿಸಲು ಹೋಗಬೇಡಿ, ಇದ್ದ ಹಾಗೇ ಇಳಿಸಿ. ಉಲ್ಲೇಖ ಸಂಖ್ಯೆ, ದಿನಾಂಕ, ‘ಪ್ರತಿಯನ್ನು ಮಾಹಿತಿಗಾಗಿ’ ಎಲ್ಲ ಇರಲಿ. ಗಂಭೀರ ಮುಖ ಕೆಟ್ಟರೆ ವಿಡಂಬನೆ ಅಲ್ಲಿಗೇ ಮುಗಿಯುತ್ತದೆ.

ಕರಡು ಪುಟ: ಆಟ ನಡೆಯುವ ಜಾಗ

ಮೊದಲ ಸಂಜೆ ಗುಮಾಸ್ತನ ಮೇಜಿಗೆ ಬರುವ ಸುದ್ದಿ ಇದು ಎಂದುಕೊಳ್ಳಿ:

ಊರ ಕೆರೆ ಏರಿಯ ಕಾಮಗಾರಿಯನ್ನು ಮಾನ್ಯ ಸಚಿವರು ಉದ್ಘಾಟಿಸಿದರು. ಇದೇ ಕಾಮಗಾರಿ ಹೋದ ವರ್ಷವೂ ಉದ್ಘಾಟನೆಯಾಗಿತ್ತು. ಸಮಾರಂಭಕ್ಕೆ ಎರಡು ಸಾವಿರ ಜನ ಸೇರಿದ್ದರು. ಅವರನ್ನು ಕರೆತಂದ ಲಾರಿಗಳು ವಾಪಸ್ ಬಿಡಲು ಬರಲಿಲ್ಲ. ಮಳೆ ಬಂತು.

ಪ್ರತಿ ವಾಕ್ಯವೂ ಮುಟ್ಟಿದರೆ ಅಳಿಯುವ ಲಿಂಕ್. ಎರಡನೆಯದು, ನಾಲ್ಕನೆಯದು ಹೋಗಬೇಕು ಎಂದು ಯಾರಿಗೂ ಹೊಳೆಯುತ್ತದೆ. ಆಡುವವರು ಅವೆರಡನ್ನು ಹೊಡೆದು, ಜಾಣರಾದೆವು ಎಂದುಕೊಂಡು ಮುಂದಕ್ಕೆ ಹೋಗುತ್ತಾರೆ. ಆಗ ಗುಮಾಸ್ತನ ಮೇಲಧಿಕಾರಿ, ಸಾಹೇಬರು, ಕೇಳಬೇಕು: ‘ಮಳೆ ಬಂತು ಅಂತ ಬಿಟ್ಟಿದ್ದೀಯಲ್ಲ, ಸಚಿವರ ಕಾರ್ಯಕ್ರಮ ಕೆಟ್ಟಿತು ಅನ್ನೋ ಅರ್ಥ ಬರಲ್ವೇನಯ್ಯಾ?’

ಈ ಒಂದು ಪ್ರಶ್ನೆ ಆಟದ ಸ್ವಭಾವವನ್ನೇ ಬದಲಿಸುತ್ತದೆ. ಮರುದಿನದಿಂದ ಆಡುವವರು ಸರ್ಕಾರ ಹೇಳದೆಯೇ ಮಳೆಯನ್ನು ಹುಡುಕತೊಡಗುತ್ತಾರೆ. ಸ್ವಯಂ ಸೆನ್ಸಾರ್ ಎಂದು ಪುಟಗಟ್ಟಲೆ ವಿವರಿಸುವುದನ್ನು ಅವರ ಬೆರಳೇ ಮಾಡಿ ತೋರಿಸುತ್ತದೆ.

ಎರಡನೇ ಸಂಜೆ ಹೊಡೆದ ಜಾಗ ತುಂಬಬೇಕು. ಮೂರು ಆಯ್ಕೆ ಕೊಡಿ: ಒಂದು ಗಾದೆ, ನಾಳೆಯ ಪಂಚಾಂಗ, ಒಂದು ಅಡುಗೆ. ಗಾದೆ ಆರಿಸಿದವರ ಪುಟದಲ್ಲಿ ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂದು ಅಚ್ಚಾಗಲಿ. ಸಾಹೇಬರು ಓದುತ್ತಾರೆ. ಓದುತ್ತಲೇ ಕೈ ಹೆಗಲಿಗೆ ಹೋಗುತ್ತದೆ. ‘ಯಾರ ಹೆಗಲು ಇದು?’ ಎಂಬ ಪ್ರಶ್ನೆ ಬರುತ್ತದೆ. ಮೂರನೇ ಸಂಜೆಯ ಸುತ್ತೋಲೆ ಹುಟ್ಟುವುದೇ ಇಲ್ಲಿಂದ, ಅಂದರೆ ಆಡುವವರ ಆಯ್ಕೆಯಿಂದಲೇ ಊರಿಗೆಲ್ಲ ಹೊಸ ನಿಯಮ. ಅಡುಗೆ ಆರಿಸಿದವರೂ ಪಾರಾಗಬಾರದು. ಬೂದುಗುಂಬಳದ ಮಜ್ಜಿಗೆಹುಳಿ ಅಚ್ಚಾದ ಮೇಲೆ, ಆ ಗಾದೆಯ ಸುಳಿವೇ ಇದು ಎಂದು ಇನ್ಯಾರೋ ದೂರು ಕೊಟ್ಟಿರಲಿ.

ಸಾಹೇಬರು ಸಂಪೂರ್ಣ ತರ್ಕಬದ್ಧರಾಗಿರಬಾರದು. ನಿಜದ ಸೆನ್ಸಾರೂ ಹಾಗಿರಲಿಲ್ಲ. ರಾಷ್ಟ್ರಪತಿ ಸ್ನಾನದ ತೊಟ್ಟಿಯಲ್ಲಿ ಕೂತು ಸುಗ್ರೀವಾಜ್ಞೆಗೆ ಸಹಿ ಹಾಕುವ ಅಬು ಅಬ್ರಹಾಂ ಅವರ ವ್ಯಂಗ್ಯಚಿತ್ರ 1975ರ ಡಿಸೆಂಬರ್‌ನಲ್ಲಿ ಸೆನ್ಸಾರ್ ದಾಟಿ ಅಚ್ಚಾಯಿತು. ದೊಡ್ಡ ಬಾಣ ತಪ್ಪಿಸಿಕೊಳ್ಳುತ್ತದೆ, ಸಣ್ಣ ಮುಳ್ಳು ಸಿಕ್ಕಿಬೀಳುತ್ತದೆ. ಐದು ಸಂಜೆಯಲ್ಲಿ ಒಂದು ಸಲವಾದರೂ ಘೋರವಾದ ಸಾಲೊಂದು ಸಾಹೇಬರ ಕಣ್ಣೆದುರೇ ದಾಟಿಹೋಗಲಿ.

ನಾಲ್ಕನೇ ಸಂಜೆಯ ಜಾಹೀರಾತಿಗೂ ನಿಜದ ಮಾದರಿ ಇದೆ. 1975ರ ಜೂನ್ 28ರ ಟೈಮ್ಸ್ ಆಫ್ ಇಂಡಿಯಾದ ಮರಣ ಪ್ರಕಟಣೆಗಳ ನಡುವೆ ‘ಡಿ.ಇ.ಎಂ. ಓಕ್ರಸಿ’ ಎಂಬವರು ಜೂನ್ 26ರಂದು ತೀರಿಕೊಂಡ ಸುದ್ದಿ ಬಂದಿತ್ತು. ಅವರು ‘ಟಿ. ರೂತ್’ ಅವರ ಪತಿ, ‘ಎಲ್.ಐ. ಬರ್ಟಿ’ಯ ತಂದೆ. ಇಂಗ್ಲಿಷಿನಲ್ಲಿ ಸೇರಿಸಿ ಓದಿದರೆ ಡೆಮಾಕ್ರಸಿ, ಟ್ರೂತ್, ಲಿಬರ್ಟಿ. ಅದನ್ನೇ ಕನ್ನಡಕ್ಕೆ ಎತ್ತಿಕೊಳ್ಳಬೇಡಿ, ನಿಮ್ಮದೇ ಒಂದು ಮಾಡಿ. ನನ್ನ ಕರಡಿನಲ್ಲಿ ಹೀಗಿದೆ: ‘ಕಾಣೆಯಾಗಿದ್ದಾರೆ. ಹೆಸರು ಸ್ವತಂತ್ರಕುಮಾರ್. ವಯಸ್ಸು 27. ಕೊನೆಯದಾಗಿ ಕಂಡದ್ದು ಜೂನ್ 25ರ ರಾತ್ರಿ. ಬುದ್ಧಿ ಸ್ವಾಧೀನದಲ್ಲಿದೆ. ಕಂಡವರು ತಿಳಿಸುವುದು ಬೇಡ.’ ಇದರ ಜೊತೆ ನಿಜವಾಗಿಯೂ ಮಗ ಕಾಣೆಯಾದ ತಾಯಿಯೊಬ್ಬಳ ಪ್ರಕಟಣೆಯನ್ನೂ ಇಡಿ. ಒಂದನ್ನು ಮಾತ್ರ ಬಿಡಲು ಅವಕಾಶ. ನಗುತ್ತಿದ್ದವರು ಇಲ್ಲಿ ನಿಲ್ಲುತ್ತಾರೆ, ನಿಲ್ಲಲಿ.

ಮನೆ ಮತ್ತು ಸಂಬಳ

ಪ್ರತಿ ಸಂಜೆಯ ಕೊನೆಗೆ ಅರ್ಧ ಪುಟದಷ್ಟು ಮನೆ ಬೇಕು. ಇಲ್ಲದಿದ್ದರೆ ಆಡುವವರು ಮೂರನೇ ಸಂಜೆಗೇ ವೀರರಾಗಿ ಪೆನ್ಸಿಲ್ ಬಿಸಾಡುತ್ತಾರೆ, ಬಿಸಾಡದೆ ಇರಲು ಕಾರಣವೇ ಇರುವುದಿಲ್ಲ. ಸೀಮೆಎಣ್ಣೆ ಸಾಲು, ಮಗಳ ಶಾಲೆ ಫೀಸು, ಅಂಗಡಿ ಶೆಟ್ಟರ ಉದ್ರಿ ಪುಸ್ತಕ ಸಾಕು. ದುಡ್ಡಿನ ಲೆಕ್ಕ ತೆರೆಯ ಮೇಲೆ ಕಾಣಲಿ. ಸಾಹೇಬರಿಗೆ ಗುಮಾಸ್ತನ ಮೇಲಿರುವ ಅನುಮಾನದ ಲೆಕ್ಕ ಕಾಣಬಾರದು. ಭಯಕ್ಕೆ ಅಂಕೆ ತೋರಿಸಿದರೆ ಅದು ಕ್ರಿಕೆಟ್ ಸ್ಕೋರ್ ಆಗುತ್ತದೆ.

ಅನುಮಾನವನ್ನು ಸೂಚಿಸಲು ಕನ್ನಡದಲ್ಲಿ ಸೊಗಸಾದ ದಾರಿ ಇದೆ. ಸಾಹೇಬರು ಮೊದಲ ದಿನ ಗುಮಾಸ್ತನನ್ನು ‘ನೀನು’ ಎನ್ನುತ್ತಾರೆ. ಚೆನ್ನಾಗಿ ಹೊಡೆದುಹಾಕಿದರೆ ಮೂರನೇ ದಿನ ‘ನೀವು’ ಆಗುತ್ತದೆ, ಕುರ್ಚಿ ಬರುತ್ತದೆ, ಕಾಫಿ ಬರುತ್ತದೆ. ಎಡವಿದರೆ ‘ಏನಯ್ಯಾ’, ಆಮೇಲೆ ‘ಏಯ್’. ಮನೆಯಲ್ಲಿ ಹೆಂಡತಿಯ ಮಾತು ಇದಕ್ಕೆ ತದ್ವಿರುದ್ಧವಾಗಿ ಬಿಗಿಯಾಗುತ್ತ ಹೋಗಬಹುದು.

ಆಯ್ಕೆಗಳನ್ನು ಕೊಟ್ಟು ಕಸಿಯುವುದು

ಆಯ್ಕೆ ಕೊಡುವುದು ನಿಮ್ಮ ಏಕೈಕ ಆಯುಧ, ಕಸಿಯುವುದೂ ಅಷ್ಟೇ. ಕೆಲವು ಉಪಾಯಗಳು: ಮೊದಲ ಸಂಜೆ ನಾಲ್ಕು ಆಯ್ಕೆ ಇದ್ದ ಜಾಗದಲ್ಲಿ ಕೊನೆಯ ಸಂಜೆ ಒಂದೇ ಇರಲಿ, ಅದಕ್ಕೆ ‘ಸ್ವಇಚ್ಛೆಯಿಂದ ಸಹಿ ಹಾಕು’ ಎಂದು ಹೆಸರಿಡಿ. ‘ನಿರಾಕರಿಸು’ ಎಂಬುದನ್ನು ಒತ್ತಿದರೆ ಅದೇ ಪುಟ ಮತ್ತೆ ಬರಲಿ, ಒಂದು ಪದ ಮಾತ್ರ ಬದಲಾಗಿ: ‘ವಿನಯದಿಂದ ನಿರಾಕರಿಸು’, ಆಮೇಲೆ ‘ಮನಸ್ಸಿನಲ್ಲೇ ನಿರಾಕರಿಸು’. ಈ ತಂತ್ರವನ್ನು ಇಡೀ ಆಟದಲ್ಲಿ ಒಂದು ಸಲ ಬಳಸಿ. ಎರಡನೇ ಸಲಕ್ಕೆ ಅದು ಜೋಕು, ಮೂರನೇ ಸಲಕ್ಕೆ ಕಿರಿಕಿರಿ.

ಎಲ್ಲ ಆಯ್ಕೆಯೂ ಪೊಳ್ಳಾದರೆ ಓದುಗರು ಪುಟ ಮುಚ್ಚುತ್ತಾರೆ. ಎರಡು ಮೂರು ಕಡೆಯಾದರೂ ಆಯ್ಕೆಗೆ ನಿಜವಾದ ಬೆಲೆ ಸಿಗಬೇಕು, ಸಣ್ಣದಾದರೂ ಸರಿ. ಬಿಟ್ಟ ಒಂದು ಸಾಲಿನಿಂದ ಲಾರಿ ಕಾದು ಕೂತಿದ್ದ ಊರಿನವರಿಗೆ ಮರುದಿನ ಬಸ್ ಸಿಗಲಿ.

ಟ್ವೈನ್‌ನಲ್ಲಿ ಕಟ್ಟುವುದು

ಉಪಕರಣಗಳು ಹಲವಿವೆ. ಬರಹಗಾರರಿಗೆ ನಾನು ಹೇಳುವುದು ಟ್ವೈನ್. ಕ್ರಿಸ್ ಕ್ಲೈಮಸ್ 2009ರಲ್ಲಿ ಮಾಡಿದ ಉಚಿತ ತಂತ್ರಾಂಶ. ಬ್ರೌಸರಿನಲ್ಲೇ ನಡೆಯುತ್ತದೆ, ಕಂಪ್ಯೂಟರಿಗೆ ಇಳಿಸಿಕೊಳ್ಳಲೂಬಹುದು. ಇಳಿಸಿಕೊಂಡದ್ದೇ ಒಳ್ಳೆಯದು, ಏಕೆಂದರೆ ಬ್ರೌಸರ್ ಆವೃತ್ತಿಯಲ್ಲಿ ಕತೆ ಬ್ರೌಸರಿನ ನೆನಪಿನಲ್ಲೇ ಇರುತ್ತದೆ, ಯಾರಾದರೂ ಅದನ್ನು ತೊಳೆದರೆ ಐದು ಸಂಜೆಯೂ ಹೋದವು.

ಆಜ್ಞೆಯನ್ನು ಟೈಪ್ ಮಾಡಿ ಆಡುವ ಹಳೆಯ ಬಗೆಯ ಆಟವನ್ನು ಕನ್ನಡದಲ್ಲಿ ಕಟ್ಟುವ ಆಸೆಯನ್ನು ಸದ್ಯಕ್ಕೆ ಬದಿಗಿಡಿ. ‘ಬಾಗಿಲನ್ನು ತೆರೆ’, ‘ಬಾಗಿಲು ತೆಗಿ’, ‘ಬಾಗ್ಲು ತೆಗೆ’ ಎಲ್ಲವೂ ಒಂದೇ ಎಂದು ಯಂತ್ರಕ್ಕೆ ಕಲಿಸುವುದರಲ್ಲೇ ನಿಮ್ಮ ವರ್ಷ ಕಳೆಯುತ್ತದೆ.

ಟ್ವೈನ್‌ನಲ್ಲಿ ಪ್ರತಿ ಪುಟಕ್ಕೂ ಒಂದು ಚೌಕ. ಒಂದರಿಂದ ಇನ್ನೊಂದಕ್ಕೆ ಹೋಗಲು ಹೀಗೆ ಬರೆದರೆ ಸಾಕು:

[[ಕೆಂಪು ಪೆನ್ಸಿಲ್ ಎತ್ತಿಕೊ->ಸಂಜೆ 1 ಕರಡು]]

ಬಾಣದ ಎಡಕ್ಕಿರುವುದು ಓದುಗರಿಗೆ ಕಾಣುವ ಮಾತು, ಬಲಕ್ಕಿರುವುದು ಹೋಗಬೇಕಾದ ಚೌಕದ ಹೆಸರು. ಹೆಸರುಗಳು ಕನ್ನಡದಲ್ಲೇ ಇರಬಹುದು. ‘ಸಂಜೆ 1 ಸುತ್ತೋಲೆ’, ‘ಸಂಜೆ 1 ಕರಡು’, ‘ಸಂಜೆ 1 ಸಾಹೇಬರು’, ‘ಸಂಜೆ 1 ಮನೆ’ ಎಂದು ಶಿಸ್ತಾಗಿ ಇಡಿ.

ಟ್ವೈನ್ ತಾನಾಗಿ ಕೊಡುವ ಹಾರ್ಲೋ ಎಂಬ ನಮೂನೆಯೇ ಸಾಕು. ಅದರ ‘ಲಿಂಕ್’ ಎಂಬ ಮ್ಯಾಕ್ರೊ, ಅಂದರೆ ಸಿದ್ಧ ಆಜ್ಞೆ, ಬಳಸಿದರೆ, ಮುಟ್ಟಿದ ವಾಕ್ಯದ ಜಾಗದಲ್ಲಿ ನೀವು ಹೇಳಿದ್ದು ಬಂದು ಕೂರುತ್ತದೆ. ಅಲ್ಲಿ ಅದೇ ವಾಕ್ಯವನ್ನು ಎರಡೂ ಕಡೆ ~~ ಚಿಹ್ನೆ ಹಾಕಿ ಇಡಿ, ಹೊಡೆದುಹಾಕಿದ ಗೆರೆ ಮೂಡುತ್ತದೆ. ಅದೇ ಆವರಣದೊಳಗೆ ‘ಸೆಟ್’ ಮ್ಯಾಕ್ರೊದಿಂದ ಈ ಸಾಲು ಹೋಯಿತು ಎಂದು ಗುರುತು ಮಾಡಿಕೊಳ್ಳಿ. ಮರುದಿನದ ಪುಟದಲ್ಲಿ ‘ಇಫ್’ ಮ್ಯಾಕ್ರೊ ಆ ಗುರುತು ನೋಡಿ ಪತ್ರಿಕೆಯಲ್ಲಿ ಉಳಿದದ್ದನ್ನಷ್ಟೇ ತೋರಿಸುತ್ತದೆ. ಈ ಮೂರು ಮ್ಯಾಕ್ರೊ ಕಲಿತರೆ ಇಡೀ ಆಟ ಮುಗಿಯುತ್ತದೆ. ಗುರುತುಗಳ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿಡಿ, ತಲೆನೋವು ತಪ್ಪುತ್ತದೆ.

ಹಾರ್ಲೋದಲ್ಲಿ ಬದಿಗೆ ಹಿಂದಕ್ಕೆ ಹೋಗುವ ಬಾಣವೊಂದು ತಾನಾಗಿ ಕಾಣುತ್ತದೆ. ಕತೆಯ ಶೈಲಿ ಪುಟದಲ್ಲಿ (ಸ್ಟೈಲ್‌ಶೀಟ್) ಆ ಬದಿಪಟ್ಟಿಯನ್ನು ಅಡಗಿಸಿ. ಹೊಡೆದ ಸಾಲು ಹೊಡೆದಂತೆಯೇ ಇರಬೇಕು.

ಗಾತ್ರದ ಬಗ್ಗೆ ಎಚ್ಚರ. ಪ್ರತಿ ಹೆಜ್ಜೆಗೂ ಎರಡು ಕವಲು ಇಟ್ಟು, ಕವಲುಗಳು ಮತ್ತೆ ಕೂಡದಿದ್ದರೆ ಹತ್ತನೇ ಹೆಜ್ಜೆಗೆ 1024 ಪುಟ ಬೇಕು. ಪ್ರತಿ ಸಂಜೆಯೂ ಎಲ್ಲ ದಾರಿ ಒಂದೇ ಮನೆಗೆ ಬಂದು ಸೇರಲಿ, ವ್ಯತ್ಯಾಸವನ್ನು ಗುರುತುಗಳು ಹೊತ್ತುಕೊಳ್ಳಲಿ. ಹೀಗೆ ಮಾಡಿದರೆ ನಲವತ್ತು ಚೌಕದೊಳಗೆ ಮುಗಿಯುತ್ತದೆ.

ಕನ್ನಡಕ್ಕೇ ಬರುವ ತೊಡಕುಗಳು

ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಇಲ್ಲದಿದ್ದರೆ ಓದುಗರಿಗೆ ಬರೀ ಚಿತ್ತಾರ ಕಾಣುತ್ತದೆ. ಸಾಲುಗಳ ನಡುವಿನ ಅಂತರ ಹೆಚ್ಚಿಸಿ, 1.7ರ ಸುಮಾರು ಇಟ್ಟರೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಕೂರುವುದಿಲ್ಲ. ಅಕ್ಷರ ಅಕ್ಷರವಾಗಿ ಟೈಪ್ ಆಗುವ ಹಾಗೆ ತೋರಿಸುವ ತಂತ್ರ ಬೇಡ. ‘ಸ್ತ್ರೀ’ ಎಂಬ ಒಂದಕ್ಷರ ಹುಟ್ಟುವಷ್ಟರಲ್ಲಿ ಐದು ವಿಕಾರ ರೂಪ ತಾಳುತ್ತದೆ. ಬೇಕೇ ಬೇಕೆಂದರೆ ಪದ ಪದವಾಗಿ ತೋರಿಸಿ.

ಓದುಗರ ಹೆಸರು ಕೇಳಿ ಅದನ್ನು ವಾಕ್ಯಗಳಲ್ಲಿ ತುಂಬುವ ಆಸೆಯೂ ಬೇಡ. ರಮೇಶನನ್ನು, ಸೀತೆಯನ್ನು, ಗುರುವನ್ನು ಎಂದು ವಿಭಕ್ತಿ ಒಂದೊಂದು ಹೆಸರಿಗೆ ಒಂದೊಂದು ರೂಪ ತಾಳುತ್ತದೆ, ಕ್ರಿಯಾಪದ ಲಿಂಗವನ್ನೂ ಕೇಳುತ್ತದೆ. ‘ಗುಮಾಸ್ತ ಸಂಖ್ಯೆ 14’ ಎಂದುಬಿಡಿ. ಹೆಸರಿನ ಬದಲು ಸಂಖ್ಯೆ ಕೊಟ್ಟ ಸರ್ಕಾರ ಇಲ್ಲಿ ನಿಮ್ಮ ವ್ಯಾಕರಣದ ಕೆಲಸವನ್ನೂ ಉಳಿಸುತ್ತದೆ.

ಕೊನೆಗಳು

ನಾಲ್ಕು ಸಾಕು. ಬಡ್ತಿ, ಬಂಧನ, ವರ್ಗಾವಣೆ, ಇನ್ನೊಂದು ವಿಚಿತ್ರವಾದದ್ದು. ಎಲ್ಲದರಲ್ಲೂ ಒಂದು ಅಂಶ ಸಮಾನವಾಗಿರಲಿ: ಐದು ಸಂಜೆಯಲ್ಲಿ ಆಡುವವರು ಹೊಡೆದುಹಾಕಿದ ಸಾಲುಗಳೆಲ್ಲ ಕ್ರಮವಾಗಿ, ಬೇರೇನೂ ಇಲ್ಲದೆ, ಒಂದು ಪುಟದಲ್ಲಿ ಬರಲಿ. ‘ಸೆಟ್’ ಗುರುತುಗಳು ಇಲ್ಲಿ ಕೊನೆಯ ಸಲ ಕೆಲಸಕ್ಕೆ ಬರುತ್ತವೆ. ಪುಟದ ಮೇಲೆ ನಿಮ್ಮ ಟಿಪ್ಪಣಿ ಒಂದಕ್ಷರವೂ ಬೇಡ. ಮುಕ್ತಿ ಸಿಕ್ಕಿತು, ಚುನಾವಣೆ ಬಂತು, ಸರ್ಕಾರ ಬಿತ್ತು ಎಂಬ ಐದನೇ ಕೊನೆ ಬರೆಯುವ ಆಸೆ ಬಂದರೆ ತಡೆದುಕೊಳ್ಳಿ. 1975ರ ಗುಮಾಸ್ತನಿಗೆ 1977 ಗೊತ್ತಿರಲಿಲ್ಲ.

ಬಿಡುಗಡೆಗೆ ಮುನ್ನ

ಟ್ವೈನ್‌ನಲ್ಲಿ ಪ್ರೂಫಿಂಗ್ ಎಂಬ ನಮೂನೆ ಇದೆ, ಇಡೀ ಕತೆಯನ್ನು ಒಂದೇ ಉದ್ದ ಪಠ್ಯವಾಗಿ ಕೊಡುತ್ತದೆ. ಮುದ್ರಿಸಿ, ಕನ್ನಡ ಚೆನ್ನಾಗಿ ಬಲ್ಲವರ ಕೈಗೆ ಕೊಡಿ. ಆಮೇಲೆ ಆಟವನ್ನು ಹತ್ತಿರದ ಇಬ್ಬರು ಮೂವರಿಂದ ನಿಮ್ಮೆದುರೇ ಆಡಿಸಿ, ಒಬ್ಬರಾದರೂ ಮೊಬೈಲಿನಲ್ಲಿ ಆಡಲಿ. ವಿವರಣೆ ಕೊಡಬೇಡಿ, ಅವರ ಬೆರಳು ಎಲ್ಲಿ ತಡೆಯುತ್ತದೆ ಎಂದಷ್ಟೇ ಬರೆದುಕೊಳ್ಳಿ. ಮಳೆಯ ಸಾಲಿನಲ್ಲಿ ಯಾರೂ ತಡೆಯದಿದ್ದರೆ ಸಾಹೇಬರ ಪ್ರಶ್ನೆ ಮೊನಚಾಗಿಲ್ಲ ಎಂದರ್ಥ.

ಕಾನೂನಿನ ಬಗ್ಗೆ ಎರಡು ಮಾತು. ಆಕ್ಷೇಪಾರ್ಹ ಸಂದೇಶಕ್ಕೆ ಜೈಲಿಗೆ ಕಳಿಸುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿದೆ. ಮಾನನಷ್ಟದ ಕಲಮು ಭಾರತೀಯ ನ್ಯಾಯ ಸಂಹಿತೆಯಲ್ಲಿ 356ನೆಯದಾಗಿ ಹಾಗೇ ಇದೆ. ಬದುಕಿರುವವರ ಹೆಸರು, ಅವರನ್ನೇ ಹೋಲುವ ಮುಖ, ಜಾತಿ ಧರ್ಮದ ಗೇಲಿ ಬೇಡ. ಕಾನೂನಿನ ಭಯ ಒತ್ತಟ್ಟಿಗಿರಲಿ, ವ್ಯಕ್ತಿಯನ್ನು ಬೈದ ಆಟ ಆ ವ್ಯಕ್ತಿ ಹೋದ ದಿನ ಹಳಸುತ್ತದೆ.

ಟ್ವೈನ್ ಕೊನೆಗೆ ಕೊಡುವುದು ಒಂದೇ ಒಂದು ಎಚ್‌ಟಿಎಂಎಲ್ ಕಡತ. ಇಚ್ ಡಾಟ್ ಐಓ ತಾಣದಲ್ಲಿ ಉಚಿತ ಖಾತೆ ತೆರೆದು ಅದನ್ನು ಏರಿಸಿ, ಬ್ರೌಸರಿನಲ್ಲೇ ಆಡುವಂಥದ್ದು ಎಂದು ಗುರುತಿಸಿದರೆ ಕೊಂಡಿ ಸಿದ್ಧ. ಕಡತವನ್ನೇ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದು, ಕೆಲವು ಫೋನುಗಳಲ್ಲಿ ತೆರೆಯಲು ಬ್ರೌಸರ್ ಆರಿಸಿಕೊಳ್ಳಬೇಕಾಗುತ್ತದೆ. ಕಡತದ ಹೆಸರಿನಲ್ಲಿ ಆವೃತ್ತಿ ಸಂಖ್ಯೆ ಹಾಕಲು ಮರೆಯಬೇಡಿ. ಮೊದಲ ವಾರ ದೂರುಗಳು ಬರುತ್ತವೆ: ಮೂರನೇ ಸಂಜೆ ಪಂಚಾಂಗ ಆರಿಸಿದರೆ ಮನೆ ಪುಟವೇ ಬರುತ್ತಿಲ್ಲ, ಹೊಡೆದ ಸಾಲು ಮರುದಿನದ ಪತ್ರಿಕೆಯಲ್ಲಿ ಹಾಗೇ ಇದೆ ಎಂದು. ಮೊದಲನೆಯದನ್ನು ಕೂಡಲೇ ಸರಿಪಡಿಸಿ. ಎರಡನೆಯದನ್ನು ಸರಿಪಡಿಸುವ ಮುನ್ನ ಒಂದು ಸಲ ಯೋಚಿಸಿ, ನಾಲ್ಕನೇ ಕೊನೆ ಅದೇ ಆಗಬಹುದು.